ಬಂದು ಹೋಗುವ ಹಕ್ಕು

ನಿನ್ನೆ ಸಂಜೆ ವಕೀಲರ ಮೇಲ್ ಬಂತು. ಓದಿದ ಗಂಡ ನಗುತ್ತ ಸೋಫಾದಿಂದ ಕೆಳಗೆ ಜಾರಿದ. ನಾನು ಸುರಪುರದಲ್ಲಿ ಆಗ ರಾತ್ರಿ ಹನ್ನೊಂದೂವರೆ ಎಂಬುದನ್ನೂ ಮರೆತು ಫೋನ್ ಹಚ್ಚಿ, "ಯಪ್ಪಾ, ಏನು ಬರದಿ ಆ ಕಾಗದದಾಗ?" ಎಂದು ಕೂಗಿದೆ.

ನಾವು ಇಂಗ್ಲೆಂಡಿನ ಸ್ವಿಂಡನ್ನಿನಲ್ಲಿ ಎಂಟು ವರ್ಷ ಬಾಡಿಗೆ ಕಟ್ಟಿ, ಈಗ ಮೊದಲ ಮನೆ ಕೊಳ್ಳುತ್ತಿದ್ದೇವೆ. ಆಫರ್ ಒಪ್ಪಿಗೆಯಾದ ದಿನವೇ ಅಪ್ಪನಿಗೆ ಹೇಳಿದ್ದು ನನ್ನ ತಪ್ಪು. ಓಣಿ ತುಂಬ ಪೇಡೆ ಹಂಚಿಬಿಟ್ಟ. ಅವನ ಲೆಕ್ಕದಲ್ಲಿ ನಾಲ್ಕು ಮಂದಿ ಹಿರಿಯರ ಮುಂದೆ ಇಸಾರ ಕೊಟ್ಟರೆ ಮಾತು ಮುಗಿಯಿತು. ಇಲ್ಲಿ ಹಾಗಲ್ಲ. ಎರಡೂ ಕಡೆಯ ವಕೀಲರು ಕರಾರುಪತ್ರ ಅದಲುಬದಲು ಮಾಡಿಕೊಳ್ಳುವ 'ಎಕ್ಸ್‌ಚೇಂಜ್' ದಿನದ ತನಕ ಆಫರಿಗೆ ಕವಡೆ ಕಿಮ್ಮತ್ತಿಲ್ಲ. ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟು ಇಸಾರ ಕಟ್ಟುವುದೂ ಅವತ್ತೇ. ಅಷ್ಟರೊಳಗೆ ಯಾರಾದರೂ ಐದು ಸಾವಿರ ಪೌಂಡ್ ಹೆಚ್ಚು ಕೂಗಿದರೆ, ಮಾರುವವನು ನಮಗೆ ಕೈಕೊಟ್ಟು ಆರಾಮಾಗಿ ಹೋಗಬಹುದು.

"ಮಾತಿಗಿ ಕಿಮ್ಮತ್ತಿಲ್ಲದ ಊರಾಗ ಮನಿ ತಗೋಲಕತ್ತೀರಿ," ಎಂದ ಅಪ್ಪ. ಹಂಚಿದ ಪೇಡೆ ವಾಪಸ್ ಕೇಳುವ ಹಾಗಿಲ್ಲವಲ್ಲ, ಆ ಸಿಟ್ಟು.

ಮುಂದಿನದೆಲ್ಲ ಅವನಿಗೆ ಹಿಡಿಸಿತು. ಸರ್ವೇಯರ್ ಬಂದು ಗೋಡೆಗೆ ಮೀಟರು ಚುಚ್ಚಿ ತೇವ ಇದೆ ಎಂದು ಬರೆದ. ವಕೀಲರು ಚರಂಡಿಗೊಂದು, ನೆರೆಗೊಂದು, ನಗರಸಭೆಗೊಂದು ಸರ್ಚ್ ಹಾಕಿದರು, ನಮ್ಮಲ್ಲಿ ಪಹಣಿ, ಋಣಭಾರ ತೆಗೆಸಿದ ಹಾಗೆ. ಮೊದಲ ಮನೆಯವರಿಗೆ 3 ಲಕ್ಷ ಪೌಂಡಿನ ತನಕ ಸ್ಟಾಂಪ್ ಡ್ಯೂಟಿ ಇಲ್ಲ, ನಮ್ಮದು ಅದರೊಳಗೇ ಬಂತು ಎಂದಾಗಲಂತೂ, "ಇದೊಂದು ಶಾಣ್ಯಾತನ ಮಾಡ್ಯಾರ" ಎಂದು ಬ್ರಿಟಿಷ್ ಸರ್ಕಾರಕ್ಕೆ ಶಹಬ್ಬಾಸ್ ಕೊಟ್ಟ.

ಹಿಡಿಸದಿದ್ದದ್ದು ರೊಕ್ಕದ ವಿಚಾರಣೆ. ನಮಗೆ ಕಡಿಮೆ ಬಿದ್ದದ್ದನ್ನು ಅಪ್ಪ ಶಹಾಪುರದ ಪ್ಲಾಟು ಮಾರಿ ಕೊಟ್ಟಿದ್ದ. ವಕೀಲರು ಅವನ ಆರು ತಿಂಗಳ ಬ್ಯಾಂಕ್ ಲೆಕ್ಕ ಕೇಳಿದರು. ಪ್ಲಾಟಿನ ಖರೀದಿಪತ್ರ ಕೇಳಿದರು. ನಡುವೆ ಎಲ್ಲೋ ಜಮೆಯಾಗಿದ್ದ ಹತ್ತಿಯ ರೊಕ್ಕಕ್ಕೆ ಅಡತಿ ಅಂಗಡಿಯ ಪಟ್ಟಿಯನ್ನೂ ಕೇಳಿದರು. ಅಪ್ಪ ಸ್ಫೋಟಗೊಂಡ. "ಟೇಲರ್ ಸಾಹೇಬ ನಮ್ಮೂರಿಗಿ ಬಂದು ಗುಡ್ಡದ ಮ್ಯಾಲ ಟೇಲರ್ ಮಂಜಿಲ್ ಕಟ್ಟಿದನಲ್ಲ, ನಿಮ್ಮಪ್ಪನ ಪಾಸ್‌ಬುಕ್ ತೋರ್ಸು ಅಂತ ಅವಗ ಯಾರರ ಕೇಳಿದ್ರೇನು?" ಆಗಿನ ಎಳೆಯ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನನ್ನೇ ಅಪ್ಪಾ ಎಂದು ಕರೆಯುತ್ತಿದ್ದನೆಂಬುದು ಸುರಪುರದವರಿಗೆಲ್ಲ ಗೊತ್ತು. ನಾನದನ್ನು ಆಗ ನೆನಪಿಸಲು ಹೋಗಲಿಲ್ಲ.

ಕೊನೆಗೆ ಉಳಿದದ್ದು ಕೊಡುಗೆ ಪತ್ರ. ಸಾಲ ಕೊಡುವ ಬ್ಯಾಂಕಿಗೆ ಅದು ಬೇಕೇ ಬೇಕು. ಈ ಹಣ ಸಾಲವಲ್ಲ, ಮರಳಿ ಕೇಳುವುದಿಲ್ಲ, ಮನೆಯ ಮೇಲೆ ನನಗೆ ಯಾವ ಹಕ್ಕೂ ಇರುವುದಿಲ್ಲ ಎಂದು ಮೂರು ಮಾತು. ಮೊದಲೆರಡನ್ನು ಅಪ್ಪ ಗಂಟಲು ಏರಿಸಿ ಓದಿದ. ಮೂರನೆಯದಕ್ಕೆ ಬಂದು ಚಷ್ಮಾ ತೆಗೆದು ಒರೆಸತೊಡಗಿದ.

ಇದೇ ಅಪ್ಪ, "ಹೆಣ್ಣು ಕೊಟ್ಟ ಮನ್ಯಾಗ ಮೂರು ದಿನದ ಮ್ಯಾಲ ಇರಬಾರದು" ಎನ್ನುವವ. ಹೋದ ಸಲ ಆರು ತಿಂಗಳ ವೀಸಾ ಮೇಲೆ ಬಂದು ನಾಲ್ಕನೇ ದಿನ ಬ್ಯಾಗು ಕಟ್ಟತೊಡಗಿದ್ದ. ಅಳಿಯನ ಅನ್ನದ ಋಣ ಬೇಡವೆಂದು ಹತ್ತು ಕಿಲೋ ಜೋಳದ ಹಿಟ್ಟು ಊರಿಂದಲೇ ಹೊತ್ತು ತಂದಿದ್ದ. (ಅದರಲ್ಲಿ ರೊಟ್ಟಿ ಬಡಿದವಳು ನಾನು. ಆ ಋಣ ಯಾವ ಲೆಕ್ಕಕ್ಕೋ.)

ಸಹಿಯಾದ ಕಾಗದ ವಾಟ್ಸ್ಆ್ಯಪಿನಲ್ಲಿ ಬಂತು. ನೋಡದೆ ಮುಂದಕ್ಕೆ ದಾಟಿಸಿದೆ. ಸಹಿಯ ಕೆಳಗೆ ಬಾಲ್‌ಪೆನ್ನಿನಲ್ಲಿ ಇನ್ನೊಂದು ಸಾಲು ಇತ್ತು: "ವರ್ಷಕ್ಕೊಮ್ಮೆ ಬಂದು ಹೋಗುವ ಹಕ್ಕು ಮಾತ್ರ ಇಟ್ಟುಕೊಂಡೀನಿ."

ಇದೇನೆಂದು ವಕೀಲರು ಕೇಳಿದರು. ಉತ್ತರಿಸುವ ಕೆಲಸ ನನಗೆ ಬಿಡಬೇಕಿತ್ತು. ಮೈಸೂರಿನ ನನ್ನ ಗಂಡ ಅಕ್ಷರಕ್ಕೆ ಅಕ್ಷರ ಇಂಗ್ಲಿಷ್ ಮಾಡಿ ಕಳಿಸಿದ. ಅದಕ್ಕೆ ಬಂದ ಉತ್ತರವೇ ನಿನ್ನೆಯ ಮೇಲ್: ನಿಮ್ಮ ಮಾವನವರು ಕೇಳುತ್ತಿರುವುದು ದಾರಿಯ ಹಕ್ಕೇ? ಹೌದಾದರೆ ದಾರಿ ಆಸ್ತಿಯ ಯಾವ ಬದಿಯಿಂದ ಹಾಯುತ್ತದೆ? ಲಗತ್ತಿಸಿದ ನಕ್ಷೆಯಲ್ಲಿ ಗುರುತು ಮಾಡಿ ಕಳಿಸಿ.

ಗಂಡ ನಿಜಕ್ಕೂ ಕೆಂಪು ಪೆನ್ಸಿಲ್ ಹುಡುಕಲು ಹೋದ. ಏಳು ವರ್ಷದ ಮಗ ಕಸದ ಡಬ್ಬಿ ಇಡುವ ಸಂದಿ ತೋರಿಸಿ, "ಅಜ್ಜ ಇಲ್ಲಿಂದ ಬರ್ತಾರಾ?" ಎಂದ.

ಫೋನಿನಲ್ಲಿ ಅಪ್ಪನಿಗೆ ಮಾತ್ರ ಒಂದಿಷ್ಟೂ ನಾಚಿಕೆಯಿಲ್ಲ. "ಹೊಲದ ದಾರಿ ಸಲುವಾಗಿ ಹನ್ನೆರಡು ವರ್ಷ ಕೋರ್ಟಿಗಿ ಅಡ್ಡಾಡೀನಿ, ಯವ್ವಾ. ಕಾಗದದಾಗ ಬರೀಲಾರದ್ದು ಉಳಿಯೂದಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ಕಡಿಂದ ಅಂತ ಕೇಳ್ಯಾರಲ್ಲ, ಮುಂದಿನ ಬಾಗಲದಿಂದ ಅಂತ ಬರಿ," ಎಂದ.

ಬರೆಯಲಿಲ್ಲ. ಇವತ್ತು ಬೆಳಿಗ್ಗೆ ಹೊಸ ಪತ್ರ ತರಿಸಿ, ಹಿಂದೆ ಮುಂದೆ ತಿರುವಿ ನೋಡಿ ಕಳಿಸಿದೆ. ಎಕ್ಸ್‌ಚೇಂಜ್ ಒಂದು ವಾರ ಮುಂದೆ ಹೋಗಿದೆ. ಊರಿಂದ ಕೊಡುಗೆ ಪತ್ರ ತರಿಸುವವರು ಯಾರಾದರೂ ಇದ್ದರೆ, ಸಹಿಯ ಕೆಳಗೆ ಬೆರಳಗಲವೂ ಜಾಗ ಬಿಡಬೇಡಿ.