‘ನನಗೆ ಚೆನ್ನಾಗಿ ನೆನಪಿದೆ’ ಎನ್ನುವವರಿಗೊಂದು ಬಿನ್ನವತ್ತಳೆ

ಮಾನ್ಯರೇ,

ಮದುವೆಮನೆಯ ಪಂಕ್ತಿಯಲ್ಲಿ, ಆಸ್ತಿ ಪಾಲಿನ ಪಂಚಾಯಿತಿಯಲ್ಲಿ, ಕೋರ್ಟಿನ ಕಟಕಟೆಯಲ್ಲಿ ನೀವು ಎದೆಯುಬ್ಬಿಸಿ ‘ನನಗೆ ಚೆನ್ನಾಗಿ ನೆನಪಿದೆ’ ಎಂದರೆ ಸಾಕು, ಎದುರಿನವರ ಬಾಯಿ ಕಟ್ಟಿಹೋಗುತ್ತದೆ. ಕಾಗದಪತ್ರ ಹುಡುಕುವ ತಾಪತ್ರಯವನ್ನು ಲೋಕಕ್ಕೆ ತಪ್ಪಿಸಿದವರು ನೀವು. ಇಷ್ಟು ದೊಡ್ಡ ಸೇವೆಗೆ ಇದುವರೆಗೆ ಒಂದು ಶಾಲು, ಒಂದು ಗಂಧದ ಹಾರವೂ ಸಂದಿಲ್ಲ. ಆ ಕೊರತೆ ನೀಗಲೆಂದೇ ಈ ಬಹಿರಂಗ ಪತ್ರ.

ಮನಶ್ಶಾಸ್ತ್ರಜ್ಞರು ಮಾತ್ರ ಮೊದಲಿನಿಂದಲೂ ನಿಮ್ಮ ಬೆನ್ನು ಬಿದ್ದಿದ್ದಾರೆ. ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್‌ಲೆಟ್ ಅವರನ್ನೇ ನೋಡಿ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಪ್ರೇತಕತೆಯನ್ನು ಇಂಗ್ಲಿಷರಿಗೆ ಓದಲು ಕೊಟ್ಟು, ದಿನ, ತಿಂಗಳು ಕಳೆದ ಮೇಲೆ ಮತ್ತೆ ಹೇಳಿಸಿದರು. ಅರ್ಥವಾಗದ್ದು ಉದುರಿಹೋಯಿತು, ಅಪರಿಚಿತವಾದದ್ದು ಪರಿಚಿತವಾಯಿತು, ಸೀಲ್ ಬೇಟೆ ಮೀನುಗಾರಿಕೆಯಾಯಿತು. ಯಾರೂ ಬೇಕೆಂದು ಸುಳ್ಳಾಡಲಿಲ್ಲ. 1932ರ ಪುಸ್ತಕದಲ್ಲಿ ಅವರು ತೀರ್ಮಾನಿಸಿದ್ದು ಇಷ್ಟು: ನೆನಪಿಸಿಕೊಳ್ಳುವುದೆಂದರೆ ಇಟ್ಟದ್ದನ್ನು ತೆಗೆಯುವುದಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟುವುದು. ತಾಳಮದ್ದಳೆಯಲ್ಲಿ ಪದ್ಯ ಅದೇ ಇದ್ದರೂ ಅರ್ಥ ಪ್ರತಿ ರಾತ್ರಿ ಬೇರೆಯಾಗುವುದಿಲ್ಲವೆ, ಹಾಗೆ. ವ್ಯತ್ಯಾಸವೆಂದರೆ ಅರ್ಥಧಾರಿಗೆ ತಾನು ಆಶುವಾಗಿ ಆಡುತ್ತಿದ್ದೇನೆಂಬುದು ಗೊತ್ತಿರುತ್ತದೆ.

ಎಲಿಜಬೆತ್ ಲಾಫ್ಟಸ್ ಇನ್ನೂ ಕಿರುಕುಳ ಕೊಟ್ಟರು. 1974ರಲ್ಲಿ ಜಾನ್ ಪಾಮರ್ ಜೊತೆ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿ ವೇಗ ಎಷ್ಟಿತ್ತೆಂದು ಕೇಳಿದರು. 50 ಮಂದಿಗೆ ‘ಕಾರುಗಳು ತಾಗಿದಾಗ’ ಎಂಬ ಧಾಟಿಯ ಪ್ರಶ್ನೆ, ಇನ್ನು 50 ಮಂದಿಗೆ ‘ಅಪ್ಪಳಿಸಿ ಜಜ್ಜಿಹೋದಾಗ’ ಎಂಬ ಧಾಟಿಯದು. ವಾರ ಬಿಟ್ಟು, ಒಡೆದ ಗಾಜು ಕಂಡಿರಾ ಎಂದು ವಿಚಾರಿಸಿದರೆ ಮೊದಲ ಗುಂಪಿನಲ್ಲಿ 7 ಮಂದಿ, ಎರಡನೆಯದರಲ್ಲಿ 16 ಮಂದಿ ಹೌದೆಂದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಪ್ರಶ್ನೆ ಹಾಕಿದವರೇ ನೆನಪಿನೊಳಕ್ಕೆ ಗಾಜಿನ ಚೂರು ಸುರಿದಿದ್ದರು.

ಅದು ಬರೀ ಸಿನಿಮಾ, ಮನಸ್ಸಿಗೆ ನಾಟಿದ್ದು ಅಳಿಸುತ್ತದೆಯೇ ಎನ್ನುತ್ತೀರಿ. ಚಾಲೆಂಜರ್ ಗಗನನೌಕೆ 1986ರ ಜನವರಿ 28ರಂದು ಸಿಡಿದ ಮಾರನೆಯ ಬೆಳಿಗ್ಗೆ ಉಲ್ರಿಕ್ ನೈಸರ್ ಎಮರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ, ಸುದ್ದಿ ಯಾರಿಂದ, ಎಲ್ಲಿ ಕೇಳಿದಿರೆಂದು ಬರೆಸಿಟ್ಟುಕೊಂಡರು. ಎರಡೂವರೆ ವರ್ಷದ ಮೇಲೆ 44 ಮಂದಿಯನ್ನು ಅವರೂ ನಿಕೋಲ್ ಹಾರ್ಶ್ ಅವರೂ ಮತ್ತೆ ಕೇಳಿದರು. 11 ಮಂದಿ ಹೇಳಿದ್ದರಲ್ಲಿ ಒಂದೂ ಮೊದಲಿನದಕ್ಕೆ ತಾಳೆಯಾಗಲಿಲ್ಲ. ಆದರೆ ಗುಂಪಿನ ಭರವಸೆ ಮಾತ್ರ ಸರಾಸರಿ 5ಕ್ಕೆ 4 ಅಂಕ ದಾಟಿತ್ತು. ಅವರದೇ ಕೈಬರಹ ಮುಂದಿಟ್ಟರೂ ಹಳೆಯ ನೆನಪು ಮರಳಲಿಲ್ಲ. ನಿಮ್ಮ ಸಂಘದ ಆಜೀವ ಸದಸ್ಯತ್ವಕ್ಕೆ ಇದಕ್ಕಿಂತ ಅರ್ಹತೆ ಬೇಕೆ?

ನಿಮ್ಮ ಕೀರ್ತಿಪತಾಕೆ ಹಾರಿದ್ದು ಪೊಲೀಸ್ ಠಾಣೆಗಳಲ್ಲಿ. ಆಸ್ಟ್ರೇಲಿಯದ ಡೊನಾಲ್ಡ್ ಥಾಮ್ಸನ್ ನೆನಪಿನ ಬಗ್ಗೆಯೇ ಸಂಶೋಧನೆ ಮಾಡುವವರು. ಅವರನ್ನು ಒಬ್ಬ ಮಹಿಳೆ ಅತ್ಯಾಚಾರಿಯೆಂದು ಗುರುತಿಸಿದಳು. ಕೃತ್ಯ ನಡೆದ ಹೊತ್ತಿಗೆ ಅವರು ಟಿವಿಯ ನೇರಪ್ರಸಾರದಲ್ಲಿದ್ದರು; ಆಕೆ ದಾಳಿಗೆ ಮುಂಚೆ ಅದನ್ನೇ ನೋಡುತ್ತಿದ್ದಳು. ಮುಖ ಸರಿಯಾಗಿ ನೆನಪಿತ್ತು, ಅದನ್ನು ಎಲ್ಲಿ ಕಂಡದ್ದೆಂಬುದು ಅದಲುಬದಲಾಗಿತ್ತು, ಅಷ್ಟೆ.

ಥಾಮ್ಸನ್ ಬಚಾವಾದರು, ಅಮೆರಿಕದ ರೊನಾಲ್ಡ್ ಕಾಟನ್ ಆಗಲಿಲ್ಲ. 1984ರಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಅತ್ಯಾಚಾರಕ್ಕೊಳಗಾದ ಜೆನಿಫರ್ ಥಾಮ್ಸನ್, ಮುಂದೆ ಹಿಡಿದುಕೊಡಬೇಕೆಂದು ಆ ಹೊತ್ತಿನಲ್ಲೂ ದುರುಳನ ಮುಖವನ್ನು ಮನಸ್ಸಿಟ್ಟು ನೋಡಿದ್ದರು. ಫೋಟೊಗಳ ಮುಂದೆ ತಡೆದು ತಡೆದು ಕಾಟನ್‌ನದನ್ನು ಆರಿಸಿದರು. ಸಾಲಿನಲ್ಲಿ ನಿಲ್ಲಿಸಿದಾಗಲೂ ಅವನನ್ನೇ ತೋರಿಸಿದ ಮೇಲೆ, ಫೋಟೊದಲ್ಲಿ ಆರಿಸಿದ್ದೂ ಇವನನ್ನೇ ಎಂದು ಪೊಲೀಸರು ಹೇಳಿದರು. ಅಲ್ಲಿಗೆ ತಡವರಿಕೆ ಹೋಯಿತು, ಖಚಿತತೆ ಬಂತು. ನಿಜವಾದ ಅಪರಾಧಿಯನ್ನು ಮುಂದೊಮ್ಮೆ ಕೋರ್ಟಿಗೆ ತಂದು ನಿಲ್ಲಿಸಿದರೆ ಇವನನ್ನು ಕಂಡೇ ಇಲ್ಲವೆಂದರು. 1995ರಲ್ಲಿ ಡಿಎನ್‌ಎ ಪರೀಕ್ಷೆ ಬಿಡಿಸುವ ಹೊತ್ತಿಗೆ ಕಾಟನ್ ಜೈಲಿನಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಕಳೆದಿದ್ದ. ಆಮೇಲೆ ಇಬ್ಬರೂ ಸೇರಿ ಪುಸ್ತಕ ಬರೆದರು, ಗುರುತು ಹಿಡಿಸುವ ಕ್ರಮ ಬದಲಾಗಬೇಕೆಂದು ಊರೂರು ಸುತ್ತಿದರು. ತಪ್ಪು ಗೊತ್ತಾದ ಮೇಲೆ ಒಪ್ಪಿಕೊಂಡ ಆ ಹೆಣ್ಣುಮಗಳು ನಿಮ್ಮ ಸಂಘಕ್ಕೆ ಅನರ್ಹರು.

ನಮ್ಮಲ್ಲೂ ನಿಮಗೆ ಮರ್ಯಾದೆ ಕಡಿಮೆಯಿಲ್ಲ. ಕೃತ್ಯದ ಬೆನ್ನಿಗೇ ನಡೆಯುವ ಗುರುತು ಪತ್ತೆ ಪರೇಡ್ ನಮ್ಮ ಕಾನೂನಿನ ಪ್ರಕಾರ ಪೂರಕ ಪುರಾವೆ ಮಾತ್ರ. ಮುಖ್ಯವಾದದ್ದು ವರ್ಷಗಳಾದ ಮೇಲೆ ಕೋರ್ಟಿನಲ್ಲಿ ಬೆರಳು ತೋರಿಸುವುದು. ಪರೇಡೇ ನಡೆಯದಿದ್ದರೆ ನ್ಯಾಯಾಲಯಗಳು ಹುಬ್ಬೇರಿಸುತ್ತವೆ, ನಿಜ. ಸಂಶೋಧಕರ ಲೆಕ್ಕ ಮಾತ್ರ ತಿರುಗುಮುರುಗು. ಯಾರೂ ಕೈಯಾಡಿಸದ ಮೊದಲ ಗುರುತು, ಆಗಿನ ಭರವಸೆ ಎಷ್ಟೆಂಬ ಟಿಪ್ಪಣಿ, ಇವಕ್ಕೇ ಬೆಲೆ. ಆಮೇಲೆ ಬೆಳೆದ ಧೈರ್ಯದಲ್ಲಿ ಪೊಲೀಸರದ್ದೆಷ್ಟು, ವಕೀಲರದ್ದೆಷ್ಟು, ಪತ್ರಿಕೆಯದ್ದೆಷ್ಟು ಎಂದು ಬಿಡಿಸಲಾಗದು. ಆರೋಪಿ ಯಾರೆಂದು ಗೊತ್ತಿಲ್ಲದವರೇ ಪರೇಡ್ ನಡೆಸಲಿ ಎಂದು ಅವರು ಹೇಳುವುದೂ ಇದಕ್ಕೇ.

ಇನ್ನು ನೆನಪನ್ನು ಸೂಜಿಮದ್ದು ಚುಚ್ಚಿ ಹೊರತೆಗೆಯುವ ಮಂಪರು ಪರೀಕ್ಷೆಗೆ ಬೆಂಗಳೂರೇ ಹೆಸರಾಗಿತ್ತಲ್ಲ! ಒಪ್ಪಿಗೆಯಿಲ್ಲದೆ ಹಾಗೆ ಮಾಡಕೂಡದೆಂದು 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮದ್ದಿನ ಅಮಲಿನಲ್ಲಿ ಕಂಡದ್ದೂ ಬರುತ್ತದೆ, ಕಟ್ಟಿದ್ದೂ ಬರುತ್ತದೆ.

ನಿಮ್ಮಲ್ಲೊಂದು ಅರಿಕೆ. ಇನ್ನು ಮುಂದೆ ಕಂಡದ್ದನ್ನು ಆ ಹೊತ್ತಿನಲ್ಲೇ ಬರೆದು ತಾರೀಕು ಹಾಕಿಡಿ. ಬರೆದದ್ದಕ್ಕೂ ಆಮೇಲೆ ಹೇಳುವುದಕ್ಕೂ ಜಗಳ ಬಿದ್ದರೆ, ದಯವಿಟ್ಟು ಕಾಗದದ ಪಕ್ಷ ವಹಿಸಿ. ನೀವು ಹಾಗೆ ಮಾಡಲಾರಿರಿ, ಬಲ್ಲೆ. ಎರಡು ವರ್ಷ ಬಿಟ್ಟು ಯಾವುದೋ ಗೃಹಪ್ರವೇಶದ ಪಂಕ್ತಿಯಲ್ಲಿ, ಪತ್ರಿಕೆಯವರೊಬ್ಬರು ನಿಮ್ಮ ಸ್ಮರಣಶಕ್ತಿಯನ್ನು ಕೊಂಡಾಡಿ ಬಿನ್ನವತ್ತಳೆ ಬರೆದಿದ್ದರೆಂದು ನೀವು ಹೇಳುತ್ತೀರಿ. ಶಾಲು ಹೊದಿಸಿದ್ದರೆಂದೂ ಸೇರಿಸುತ್ತೀರಿ. ಅದರ ಅಂಚಿನ ಬಣ್ಣವೂ ನಿಮಗೆ ಚೆನ್ನಾಗಿ ನೆನಪಿರುತ್ತದೆ.

ಇತಿ,
ನಿಮ್ಮ ಅಭಿಮಾನಿ