ಗಟ್ಟಿಮೇಳದ ನಡುವೆ ಪುಟ್ಟ ಕ್ಯಾಮೆರಾ

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆ ಹೊರಟರೆ ಸಿಗುವ ಚಿಕ್ಕಜಾಲದಲ್ಲಿ ಹಳೆಯ ಕಲ್ಲುಕೋಟೆಯೊಂದಿದೆ. ಫೋಟೋಗೆ ಹೇಳಿ ಮಾಡಿಸಿದ ಜಾಗ, ಬಿಸಿಲೂ ಬಿಟ್ಟಿ. ಆದರೆ ಮದುವೆ ನಡೆಯುವುದು ಛತ್ರದೊಳಗೆ, ನೇರಳೆ ಎಲ್‌ಇಡಿ ಕೆಳಗೆ. ಅಲ್ಲಿ ವಧುವಿನ ಅರಿಶಿನವೂ ನೇರಳೆ, ಪುರೋಹಿತರ ಪಂಚೆಯೂ ನೇರಳೆ.

ಅಂಗೈಯಗಲದ ಮಿರರ್‌ಲೆಸ್ ಕ್ಯಾಮೆರಾ ಹಿಡಿದವನಿಗೆ ಮರ್ಯಾದೆ ಕಡಿಮೆ. "ಸ್ವಲ್ಪ ಸರೀರಿ, ಫೋಟೋಗ್ರಾಫರ್‌ಗೆ ಅಡ್ಡ" ಅನ್ನುತ್ತಾರೆ. ದೊಡ್ಡ ಲೆನ್ಸಿನವರು ವೇದಿಕೆಯಲ್ಲಿ ಬೆನ್ನುಗಳ ಗೋಡೆ ಕಟ್ಟಿರುತ್ತಾರೆ. ತಾಳಿ ಕಟ್ಟಿದ್ದು ಕುಳಿತವರಿಗೆ ಗೊತ್ತಾಗುವುದು ಗಟ್ಟಿಮೇಳದಿಂದಲೇ.

ಪುಟ್ಟದರ ಎಲೆಕ್ಟ್ರಾನಿಕ್ ಶಟರ್‌ಗೆ ಸದ್ದಿಲ್ಲ. ಓಲಗದ ನಡುವೆ ಆ ಮೌನ ಯಾರಿಗೆ ಬೇಕೋ! ಮೇಲಾಗಿ ಅಗ್ಗದ ಎಲ್‌ಇಡಿ ಮಿನುಗಿಗೆ ಸಿಕ್ಕರೆ ಅದು ವರನ ಹಣೆಗೆ ಅಡ್ಡಪಟ್ಟೆ ಬಳಿಯುತ್ತದೆ. ವಿಭೂತಿಯೆಂದು ಹೇಳಿ ಪಾರಾಗಬಹುದು. ನಮ್ಮ ಕರೆಂಟು 50 ಹರ್ಟ್ಸ್, ಇಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಮೆಕ್ಯಾನಿಕಲ್ ಶಟರ್, 1/100 ಸೆಕೆಂಡು, ಎಫ್/1.8 ಲೆನ್ಸ್, ಐಎಸ್‌ಒ 3200 ಇಟ್ಟರೆ ಮುಖ ಮುಖದಂತಿರುತ್ತದೆ. ಅಕ್ಷತೆ ಮಾತ್ರ ಗೆರೆಗೆರೆ. ಇರಲಿ, ಕಾಳು ಎಣಿಸುವವರು ಯಾರು?

ಇನ್ನು ಮುಖ ಹುಡುಕುವ ಆಟೋಫೋಕಸ್. ಅದು ವಧುವನ್ನು ಬಿಟ್ಟು ಊಟದ ಹಾಲ್‌ಗೆ ಹೊರಟ ಮಾವನನ್ನೇ ಹಿಂಬಾಲಿಸುತ್ತದೆ. ತಪ್ಪೇನು, ಮೊದಲ ಪಂಕ್ತಿ ತುಂಬುವ ಹೊತ್ತಲ್ಲವೇ!