ಮದ್ದಳೆ ನಡುವಿನಲ್ಲೇ ಇರಲಿ, ಮಾರಾಯ್ರೇ

ನಿಮ್ಮ ಅಳಿಯ ಕಳಿಸಿದ ಯಕ್ಷಗಾನದ ಪದ ಬಡಕಲಾಗಿ ಕೇಳಿಸಿತು ಅಂತ ಫೋನನ್ನು ಬೈಯಬೇಡಿ, ಮಾರಾಯ್ರೇ. ಅದೇ ಪದವನ್ನು ನಾನು ಹೆಡ್‌ಫೋನ್ ಹಾಕಿ ಕೇಳಿದೆ. ತಲೆಯ ಆಚೆ ಈಚೆ ಹಬ್ಬಿಕೊಂಡು ಭರ್ಜರಿಯಾಗಿದೆ. ಫೋನಿನಲ್ಲಿ ಮಾತ್ರ ಮದ್ದಳೆ ಮಾಯ, ಭಾಗವತರ ಸ್ವರ ಮೂರು ಮನೆ ಆಚೆಯಿಂದ ಬಂದ ಹಾಗೆ. ಹಾಡಿದವರು ಚೆನ್ನಾಗಿಯೇ ಹಾಡಿದ್ದಾರೆ, ಬಾರಿಸಿದವರೂ ಅಷ್ಟೇ. ಕೆಟ್ಟದ್ದು ಮಿಕ್ಸಿಂಗಿನಲ್ಲಿ. ಈ ಗ್ಯಾಲರಿಯಲ್ಲಿ ಇನ್ನಷ್ಟು ಹೊತ್ತು ನಿಲ್ಲುವ ಪುರುಸೊತ್ತು ನಿಮಗಿದ್ದರೆ ಹೇಳ್ತೇನೆ.

ಸ್ಟೀರಿಯೋ ಅಂದರೆ ಎಡ, ಬಲ ಎರಡು ಚಾನೆಲ್. ಎರಡನ್ನೂ ಕೂಡಿಸಿದರೆ ಸಿಗುವುದು ನಡು. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಬದಿ. ಇಎಂಐಯ ಆಲನ್ ಬ್ಲಮ್ಲೈನ್ 1931ರಲ್ಲಿ ಸ್ಟೀರಿಯೋಗೆ ಪೇಟೆಂಟ್ ಅರ್ಜಿ ಹಾಕಿದಾಗಲೇ ಈ ಕೂಡಿಸುವ ಕಳೆಯುವ ಲೆಕ್ಕ ಅದರಲ್ಲಿತ್ತು. ಇವತ್ತು ಸಾಫ್ಟ್‌ವೇರಿನಲ್ಲಿ ‘ವಿಡ್ತ್’ ಅಂತ ಬರೆದ ಗುಬುಟು ಮಾಡುವುದೂ ಹೆಚ್ಚುಕಡಿಮೆ ಅದನ್ನೇ: ಬದಿಯ ಪಾಲನ್ನು ಏರಿಸುತ್ತದೆ. ಆದರೆ ಎರಡೂ ಚಾನೆಲ್ ಒಂದೇ ಸ್ಪೀಕರಿಗೆ ಕೂಡಿ ಬಂದಾಗ ಬದಿಯ ಪಾಲು ಪೂರ್ತಿ ಅಳಿದುಹೋಗುತ್ತದೆ. ಕಡಿಮೆಯಾಗುವುದಲ್ಲ, ಸೊನ್ನೆ. ನಿಮ್ಮ ಅಳಿಯ ಮದ್ದಳೆಯನ್ನು ಬದಿಗೆ ದೂಡಿಬಿಟ್ಟಿದ್ದಾನೆ.

ಏನಂದಿರಿ? ಈಗ ಒಂದೇ ಸ್ಪೀಕರಿನಲ್ಲಿ ಯಾರು ಕೇಳುತ್ತಾರೆ ಅಂತಲೇ? ಇಡೀ ದಾದರ್ ಕೇಳುತ್ತದೆ. ಗಣಪತಿ ಪೆಂಡಾಲಿನ ಲೌಡ್‌ಸ್ಪೀಕರುಗಳಿಗೆ ಸಾಮಾನ್ಯವಾಗಿ ಎರಡನ್ನೂ ಕೂಡಿಸಿಯೇ ಬಿಡುತ್ತಾರೆ. ಬಿಡದೆ ಇದ್ದರೆ ಎಡಗಡೆಯ ಪೆಟ್ಟಿಗೆಯ ಹತ್ತಿರ ನಿಂತವನಿಗೆ ಅರ್ಧ ಹಾಡು ಮಾತ್ರ. ಸ್ಟೇಶನ್ನಿನಲ್ಲಿ ವೆಸ್ಟರ್ನ್ ಲೈನಿನಿಂದ ಸೆಂಟ್ರಲ್ ಲೈನಿಗೆ ಬ್ರಿಜ್ ಹತ್ತಿ ಓಡುವವರನ್ನು ನೋಡಿ: ಅನೌನ್ಸ್‌ಮೆಂಟ್ ತಪ್ಪಬಾರದಲ್ಲ, ಹಾಗಾಗಿ ಒಂದೇ ಕಿವಿಗೆ ಇಯರ್‌ಫೋನ್. ಪತ್ತನಾಜೆ ಕಳೆದು ಊರಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಕಲಾವಿದರು ಇಲ್ಲಿ ಮುಂಬಯಿಗೆ ಬಂದು ಆಟ ಆಡುತ್ತಾರಲ್ಲ, ಅದನ್ನು ಬಿಟ್ಟರೆ ನಮ್ಮವರಿಗೆ ಯಕ್ಷಗಾನ ಸಿಗುವುದು ಈ ಒಂದು ಕಿವಿಯಲ್ಲೇ.

ಹಿಂದಿನವರಿಗೆ ಈ ಎಡಬಲದ ಅಗಲವೇ ಇರಲಿಲ್ಲ ಅನ್ನುವುದನ್ನೂ ಮರೆಯಬೇಡಿ. ಇಲ್ಲೇ ದಾದರ್ ಪೂರ್ವದಲ್ಲಿ ಚಂದೂಲಾಲ್ ಶಾ ಅವರ ರಂಜಿತ್ ಮೂವಿಟೋನ್ ಇತ್ತು. 1943ರಲ್ಲಿ ಸೈಗಲ್ ಹಾಡಿದ ‘ತಾನ್‌ಸೇನ್’ ಅವರದ್ದೇ ಚಿತ್ರ. ಅದೆಲ್ಲ ಒಂದೇ ಚಾನೆಲ್. ಆದರೂ ಆ ಕಾಲದ ಹಾಡಿನಲ್ಲಿ ಯಾರು ಮುಂದೆ, ಯಾರು ಹಿಂದೆ ಅಂತ ಕಣ್ಣು ಮುಚ್ಚಿದರೂ ತಿಳಿಯುತ್ತದೆ. ಮೈಕಿಗೆ ಹತ್ತಿರ, ಮೈಕಿನಿಂದ ದೂರ ಅನ್ನುವ ಲೆಕ್ಕದಲ್ಲೇ ಆಳ ಹುಟ್ಟುತ್ತಿತ್ತು. ಅಗಲಕ್ಕಿಂತ ಈ ಆಳವೇ ಹಾಡಿಗೆ ಮುಖ್ಯ ಅಂತ ನನ್ನ ಗಟ್ಟಿ ಅಭಿಪ್ರಾಯ.

ಹಾಗಂತ ಅಗಲವೇ ಬೇಡ ಅನ್ನುವುದಿಲ್ಲ. ಎಲ್ಲಿ ಬೇಕೋ ಅಲ್ಲಿ ಮಾತ್ರ ಇರಲಿ. 120 ಹರ್ಟ್ಸ್‌ನಿಂದ ಕೆಳಗಿನದ್ದನ್ನು ಪೂರ್ತಿ ನಡುವಿಗೆ ತರಬೇಕು. ಅಷ್ಟು ತಗ್ಗಿನ ನಾದ ಯಾವ ದಿಕ್ಕಿನಿಂದ ಬಂತು ಅಂತ ಗುರುತಿಸುವುದು ಕೋಣೆಯೊಳಗೆ ನಮ್ಮ ಕಿವಿಗೆ ಕಷ್ಟ. ಅಗಲ ಮಾಡಿ ಲಾಭವಿಲ್ಲ, ನಷ್ಟ ಮಾತ್ರ ಉಂಟು. ಎಲ್‌ಪಿ ತಟ್ಟೆ ಕೊರೆಯುವವರೂ ತಗ್ಗಿನ ನಾದವನ್ನು ನಡುವಿಗೇ ತರುತ್ತಿದ್ದರು, ಇಲ್ಲದಿದ್ದರೆ ಮುಳ್ಳು ಗೆರೆ ಬಿಟ್ಟು ಹಾರುತ್ತಿತ್ತು. ಭಾಗವತರ ಸ್ವರ, ಶ್ರುತಿ, ಮದ್ದಳೆ ನಡುವೆ. ಚೆಂಡೆ ಒಂದು ಬದಿಗೆ ತುಸು ಸರಿದಿರಲಿ. ತಾಳದ ಹೊಳಪು, ಸಭಾಂಗಣದ ಮಾರ್ದನಿ, ಇವು ಬೇಕಾದಷ್ಟು ಹರಡಲಿ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನ ಸಭಾಂಗಣದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತವನಿಗೂ ಹಾಡುವವರು ಎದುರಿಗೇ ಇರುತ್ತಾರೆ, ಸುತ್ತಲೂ ತುಂಬುವುದು ಹಾಲ್‌ನ ಗುಂಗು.

ನಿಮ್ಮ ಅಳಿಯ ಇನ್ನೊಂದು ಉಪಾಯವನ್ನೂ ಹಾಕಿದ ಹಾಗಿದೆ: ಸ್ವರದ ಒಂದು ನಕಲನ್ನು 10 ಮಿಲಿಸೆಕೆಂಡ್ ತಡ ಮಾಡಿ ಬಲಕ್ಕೆ ಬಿಡುವುದು. ಹೆಡ್‌ಫೋನಿನಲ್ಲಿ ಸ್ವರ ಥಟ್ಟನೆ ಅಗಲವಾಗುತ್ತದೆ. ಎಡಬಲ ಕೂಡಿದ ಕ್ಷಣ 50, 150, 250 ಹರ್ಟ್ಸ್, ಹೀಗೆ ಮೇಲಿನವರೆಗೂ ಸಾಲಾಗಿ ತೂತು ಬೀಳುತ್ತದೆ. ಭಾಗವತರು ಮೂರು ಮನೆ ಆಚೆ ಹೋದದ್ದು ಅದರಿಂದಲೇ. ಮುಖ್ಯ ಸ್ವರಕ್ಕೆ ಇದನ್ನು ಮಾಡಲೇಬಾರದು.

ಇನ್ನು ಮದ್ದಳೆಯನ್ನು ಫೋನಿನಲ್ಲಿ ಉಳಿಸಲಿಕ್ಕೆ ಸ್ಯಾಚುರೇಶನ್. ಹೆಸರು ಕೇಳಿ ಗಾಬರಿ ಬೇಡ, ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಜೀವಾಳದ ನೂಲು ಸೇರಿಸುತ್ತಾರಲ್ಲ, ಹತ್ತಿರದ ಕೆಲಸವೇ. ನೂಲು ಸರಿಯಾದ ಜಾಗಕ್ಕೆ ಬಂತೆಂದರೆ ಸಪ್ಪೆ ತಂತಿಯಿಂದ ಝೇಂಕಾರ ಏಳುತ್ತದೆ, ಒಂದರ ಮೇಲೊಂದು ಮೇಲುಸ್ವರ. ಸಿ.ವಿ. ರಾಮನ್ 1921ರಲ್ಲಿ ತಂಬೂರಿ, ವೀಣೆಗಳ ಬಗ್ಗೆ ಬರೆಯುವಾಗ ಇದನ್ನೇ ಗಮನಿಸಿದರು: ಮೀಟಿದ ಜಾಗದ ಲೆಕ್ಕದಲ್ಲಿ ಹುಟ್ಟಲೇಬಾರದ ಮೇಲುಸ್ವರಗಳೂ ಆ ಕುದುರೆಯಿಂದಾಗಿ ಜೋರಾಗಿ ಕೇಳಿಸುತ್ತವೆ. 2024ರಲ್ಲಿ ಮಿರಜಿನ ತಂಬೂರಿಗೆ ಭೌಗೋಳಿಕ ಗುರುತು ಸಿಕ್ಕಾಗ ನಾನು ಖುಷಿಪಟ್ಟದ್ದು ಸುಮ್ಮನೆ ಅಲ್ಲ. ಅಲ್ಲಿ ತಂಬೂರಿ ಮಾಡುವವರ ಕೈಗಳು ತಂತಿಯಲ್ಲಿ ಮಾಡುವುದನ್ನು ಟೇಪು, ವಾಲ್ವು, ಈಗ ಸಾಫ್ಟ್‌ವೇರು ಕರೆಂಟಿನಲ್ಲಿ ಮಾಡುತ್ತವೆ. 100 ಹರ್ಟ್ಸ್‌ನ ನಾದ ಕೊಟ್ಟರೆ ಅದರ ಜೊತೆಗೆ 200, 300 ಹುಟ್ಟಿಸುತ್ತವೆ.

ಫೋನಿನ ಪುಟ್ಟ ಸ್ಪೀಕರಿಗೆ 100 ನುಡಿಸುವ ತಾಕತ್ತಿಲ್ಲ. 200, 300, 400 ಒಟ್ಟಿಗೆ ಸಿಕ್ಕಿದರೆ ಇಲ್ಲದ 100ನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ! ಮದ್ದಳೆಯ ಎಡಮುಖದ ಆ ‘ಗುಂ’ ಅನ್ನುವುದು ಫೋನಿನಲ್ಲಿ ಬದುಕುವ ದಾರಿ ಇದೊಂದೇ ಅನ್ನಬಹುದು.

ಹಾಗಾದರೆ ಇಡೀ ಹಾಡಿಗೆ ಒಮ್ಮೆಗೇ ಹಾಕಿಬಿಡಬಹುದಲ್ಲ ಅನ್ನುತ್ತೀರಿ. ಆಗದು. 100 ಮತ್ತು 1000 ಹರ್ಟ್ಸ್ ಒಟ್ಟಿಗೆ ಒಳಗೆ ಹೋದರೆ 900, 1100ರ ಹಾಗೆ ಯಾರೂ ಹಾಡದ, ಯಾರೂ ಬಾರಿಸದ ನಾದಗಳು ಹೊರಗೆ ಬರುತ್ತವೆ. ಮದ್ದಳೆಯ ಒಂದೊಂದು ಪೆಟ್ಟಿಗೂ ಭಾಗವತರ ಗಂಟಲು ಕಟ್ಟಿದ ಹಾಗೆ ಒರಟಾಗುತ್ತದೆ. ಅದಕ್ಕೇ ನಾದವನ್ನು ಪಟ್ಟಿ ಪಟ್ಟಿಯಾಗಿ ಬೇರ್ಪಡಿಸಿ ಒಂದೊಂದಕ್ಕೂ ಬೇರೆ ಬೇರೆ ಅಳತೆ ಕೊಡುವುದು, ಮಲ್ಟಿಬ್ಯಾಂಡ್. ಯಕ್ಷಗಾನದ ಹಿಮ್ಮೇಳಕ್ಕೆ ನಾನಾದರೆ 150 ಹರ್ಟ್ಸ್‌ವರೆಗೆ ಒಂದು ಪಟ್ಟಿ ಮಾಡಿ ಅಲ್ಲಿ ಧಾರಾಳವಾಗಿ ಹಾಕುತ್ತೇನೆ. ಅಲ್ಲಿಂದ 2000ದವರೆಗೆ ಸ್ವರದ ಸೀಮೆ. ಇಲ್ಲಿ ಬಿಸಿ ತಾಗಿತೋ ಇಲ್ಲವೋ ಅನ್ನುವಷ್ಟೇ, ಸಾಹಿತ್ಯದ ಒಂದಕ್ಷರವೂ ಮಸುಕಾಗಬಾರದು. 2000ದಿಂದ 5000ದ ನಡುವೆ ಕಿವಿ ಅತಿ ಚುರುಕು, ಚೆಂಡೆಯ ಏಟಿನ ಮೊನೆ ಇರುವುದೂ ಅಲ್ಲೇ. ತೆಂಕಿನ ಚೆಂಡೆಯವರು ನಿಂತು ಬಾರಿಸುವ ಆ ಏಟಿಗೆ ಸಾಫ್ಟ್‌ವೇರಿನ ಸಹಾಯ ಬೇಕಾಗಿಲ್ಲ, ಆ ಪಟ್ಟಿಗೆ ಏನೂ ಹಾಕಬೇಡಿ. ಅದರ ಮೇಲೆ ತಾಳ, ಜಾಗಟೆ. ಅಲ್ಲಿ ಕೈ ತಡೆದು ಹಾಕಬೇಕು, ಓವರ್‌ಸ್ಯಾಂಪ್ಲಿಂಗ್ ಅನ್ನುವ ಗುಂಡಿಯನ್ನೂ ಒತ್ತಿರಬೇಕು. ಇಲ್ಲದಿದ್ದರೆ 9 ಕಿಲೋಹರ್ಟ್ಸ್‌ನ ಮೂರನೆಯ ಮೇಲುಸ್ವರ 27, 44.1 ಕಿಲೋಹರ್ಟ್ಸ್‌ನ ಫೈಲಿನಲ್ಲಿ ಅದಕ್ಕೆ ಜಾಗವಿಲ್ಲದೆ 17.1ಕ್ಕೆ ಮಡಚಿಕೊಂಡು ಬಂದು ತಾಳದ ಶ್ರುತಿಯನ್ನೇ ಕೆಡಿಸುತ್ತದೆ.

ಹಾಕಿದ ಮೇಲೆ ವಾಲ್ಯೂಮ್ ಮೊದಲಿನಷ್ಟಕ್ಕೇ ಇಳಿಸಿ, ಹಾಕುವ ಮುಂಚಿನದ್ದರ ಜೊತೆ ಹೋಲಿಸಿ ಕೇಳಬೇಕು. ಜೋರಾದದ್ದೆಲ್ಲ ಒಳ್ಳೆಯದು ಅಂತ ಕಿವಿ ಮೋಸಹೋಗುತ್ತದೆ. ಆಮೇಲೆ ಎಡಬಲ ಕೂಡಿಸುವ ಮೋನೋ ಗುಂಡಿ ಒತ್ತಬೇಕು. ಮದ್ದಳೆ ಉಳಿಯಿತಾ, ಸಾಹಿತ್ಯ ತಿಳಿಯಿತಾ, ಇವೆರಡನ್ನೇ ನೋಡುವುದು. ಅಗಲದ ಕೆಲಸ ಅದಾದ ಮೇಲೆ.

ಅಳಿಯನನ್ನು ಬೈಯಬೇಡಿ, ಒಳ್ಳೆ ಹುಡುಗ. ಮೈಕ್ ಇಟ್ಟ ಜಾಗ ಚೆನ್ನಾಗಿದೆ, ಚೆಂಡೆ ಸ್ವರದ ಮೈಕಿಗೆ ನುಗ್ಗದ ಹಾಗೆ ನೋಡಿಕೊಂಡಿದ್ದಾನೆ, ಅದು ಸುಲಭದ ಮಾತಲ್ಲ. ಬರುವ ಭಾನುವಾರ ಅವನನ್ನು ನಮ್ಮ ಮನೆಗೆ ಕಳಿಸಿ. ಪೆನ್‌ಡ್ರೈವಿನಲ್ಲಿ ಸ್ವರ, ಮದ್ದಳೆ, ಚೆಂಡೆ ಬೇರೆ ಬೇರೆ ಟ್ರ್ಯಾಕಾಗಿಯೇ ತರಲಿಕ್ಕೆ ಹೇಳಿ. ಕೂಡಿಸಿದ ಫೈಲು ಒಂದೇ ತಂದರೆ ಆ 10 ಮಿಲಿಸೆಕೆಂಡಿನ ನಕಲನ್ನು ಭಾಗವತರ ಸ್ವರದಿಂದ ಸರಿಯಾಗಿ ಬಿಡಿಸಿ ತೆಗೆಯುವುದು ಯಾರಿಂದಲೂ ಕಷ್ಟ.